ನಕಲೂ ಮೂಲವೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಆತನಿಗೆ 90 ಗುಂಟೆ ಹೊಲವಿದೆ. ಅದರಲ್ಲಿ 10 ಗುಂಟೆಯನ್ನು ನೆರೆಯವನಿಗೆ ಕ್ರಯಕ್ಕೆ ಕೊಟ್ಟನು. ಕೊಂಡವನು ಪಹಣಿಯ ಪ್ರತಿಯೊಂದನ್ನು ತಂದು, 90 ಎಂಬುದನ್ನು ಹೊಡೆದುಹಾಕಿ 80 ಎಂದು ಬರೆದು, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟನು. ಮುಂದೆ ಸಾಲಕ್ಕಾಗಿ ಬ್ಯಾಂಕಿಗೆ ಹೋದಾಗ ಹೊಸ ಪ್ರತಿಯನ್ನು ತೆಗೆಸಿದರೆ, ಅದರಲ್ಲಿ ಮಾರಿದವನ ಹೆಸರಿನಲ್ಲಿ 90 ಗುಂಟೆಯೇ ಇದೆ! ಹಣ ಕೊಟ್ಟವನಿಗೆ ದಾಖಲೆಯಲ್ಲಿ ನೆಲವಿಲ್ಲ. ಆತನು ತಿದ್ದಿದುದು ನಕಲನ್ನು. ಮೂಲವು ಇದ್ದಂತೆಯೇ ಉಳಿಯಿತು.

ಆತನು ಸರ್ವೆ ನಂಬರನ್ನು ನಮೂದಿಸಿ ಹಕ್ಕು ಬದಲಾವಣೆ ಮಾಡಿಸಬೇಕಾಗಿತ್ತು. ಸರ್ವೆ ನಂಬರು ಹೊಲವಲ್ಲ, ಪಹಣಿಯೂ ಅಲ್ಲ. ಮೂಲ ದಾಖಲೆ ಎಲ್ಲಿದೆಯೆಂದು ತೋರಿಸುವ ಗುರುತು. ಅದನ್ನು ಹಿಡಿದು ಹೋದರೆ ಮೂಲವೇ ತಿದ್ದುಪಡಿಯಾಗುತ್ತದೆ.

ಗಣಕಯಂತ್ರದ ಪ್ರೋಗ್ರಾಮಿನಲ್ಲಿಯೂ ಇದೇ ಭೇದವುಂಟು. ಒಂದು ನಿರ್ದಿಷ್ಟ ಕೆಲಸವನ್ನು ಮಾಡಿಕೊಡುವ ಭಾಗಕ್ಕೆ ಫಂಕ್ಷನ್ ಎಂದು ಹೆಸರು. 90 ಎಂಬ ಸಂಖ್ಯೆಯ ನಕಲನ್ನು ಅದಕ್ಕೆ ಕೊಟ್ಟರೆ, ಅದು ತನ್ನೊಳಗೆ 10ನ್ನು ಕಳೆದು 80 ಮಾಡಿಕೊಂಡರೂ ನಮ್ಮಲ್ಲಿರುವ ಸಂಖ್ಯೆ 90 ಆಗಿಯೇ ಇರುತ್ತದೆ. ಇದು ಮೌಲ್ಯವನ್ನು ಕಳುಹಿಸುವ ಕ್ರಮ. ಸಂಖ್ಯೆಯಿರುವ ಸ್ಥಳದ ವಿಳಾಸವನ್ನೇ ಕೊಟ್ಟರೆ, ಫಂಕ್ಷನ್ ಅಲ್ಲಿಗೇ ಹೋಗಿ ತಿದ್ದುತ್ತದೆ. ನಮ್ಮ 90 ಸಹ 80 ಆಗುತ್ತದೆ. ಇದು ವಿಳಾಸವನ್ನು ಕಳುಹಿಸುವ ಕ್ರಮ. 1972ರ ಸುಮಾರಿಗೆ ಡೆನ್ನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯು ಫಂಕ್ಷನ್ನಿಗೆ ಸದಾ ನಕಲನ್ನೇ ಕೊಡುತ್ತದೆ. ಮೂಲವನ್ನು ತಿದ್ದಬೇಕಾದಾಗ ವಿಳಾಸದ ನಕಲನ್ನು ಕೊಡಬೇಕು.

ಹಾಗಾದರೆ ಎಲ್ಲರಿಗೂ ವಿಳಾಸವನ್ನೇ ಕೊಡಬಾರದೇಕೆ? ದೊಡ್ಡ ದಾಖಲೆಯನ್ನು ನಕಲು ಮಾಡುವ ಶ್ರಮ ಅದರಿಂದ ಉಳಿಯುವುದು ನಿಜ. ಆದರೆ ಯಾವುದೋ ಮೂಲೆಯಲ್ಲಿರುವ ಫಂಕ್ಷನ್ ತಪ್ಪಿನಿಂದ ಮೂಲವನ್ನು ಕೆಡಿಸಿದರೆ, ದೋಷ ಎಲ್ಲಿ ಹುಟ್ಟಿತೆಂದು ಹುಡುಕುವುದು ಕಷ್ಟ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ 2000ದ ಸುಮಾರಿಗೆ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಅಲ್ಲಿ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದು. ಮೂಲವನ್ನು ತಿದ್ದುವ ಅಧಿಕಾರವೋ, ಬೆರಳಚ್ಚಿನಿಂದ ಗುರುತನ್ನು ದೃಢಪಡಿಸಿದ ನಿಯುಕ್ತ ಸಿಬ್ಬಂದಿಗೆ ಮಾತ್ರ.

ಓದುವವನಿಗೆ ನಕಲು ಸಾಕು. ತಿದ್ದುವ ಹೊಣೆ ಹೊತ್ತವನಿಗೆ ಮಾತ್ರ ಮೂಲದ ದಾರಿ. ಪ್ರೋಗ್ರಾಮ್ ಬರೆಯುವವರು ಈ ವಿವೇಕವನ್ನು ಮರೆಯಬಾರದು.

ಅಭ್ಯಾಸ
1. ಕೊಂಡವನು ಪಹಣಿಯನ್ನು ತಿದ್ದಿದರೂ ದಾಖಲೆ ಬದಲಾಗಲಿಲ್ಲವೇಕೆ?
2. ಸರ್ವೆ ನಂಬರಿಗೂ ವಿಳಾಸಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
3. ಎಲ್ಲ ಫಂಕ್ಷನ್‌ಗಳಿಗೂ ವಿಳಾಸವನ್ನೇ ಕೊಡುವುದರಿಂದ ಆಗುವ ಲಾಭ ಮತ್ತು ಅಪಾಯಗಳಾವುವು?