ಮೋಟಾರು ಸೈಕಲ್ಲಿನ ಪ್ರಥಮ ಪಾಠ

ನಳ ಮಹಾರಾಜನು ಅಶ್ವಹೃದಯವೆಂಬ ವಿದ್ಯೆಯನ್ನು ಬಲ್ಲವನಾಗಿದ್ದನೆಂದು ಮಹಾಭಾರತವು ಹೇಳುತ್ತದೆ. ಕುದುರೆಯನ್ನು ಓಡಿಸುವ ಬಲಕ್ಕಿಂತ ಅದರ ಒಳಗನ್ನು ಅರಿಯುವುದೇ ಹಿರಿದು ಎಂಬುದು ಆ ಹೆಸರಿನ ತಾತ್ಪರ್ಯ. ಇಂದು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಕುದುರೆಯ ಸ್ಥಾನಕ್ಕೆ ಮೋಟಾರು ಸೈಕಲ್ಲು ಬಂದಿದೆ. ಹೊಲಕ್ಕೆ ಬುತ್ತಿ ಒಯ್ಯಲು, ಸಂತೆಗೆ ಹೋಗಲು, ಗುರುಗಳು ಹಳ್ಳಿಯ ಶಾಲೆಯನ್ನು ಸೇರಲು ಅದೇ ವಾಹನ. ಆದರೆ ಅದರ ಹೃದಯವನ್ನು ಅರಿತು ಏರುವವರು ವಿರಳ. ಅಣ್ಣನು ಓಡಿಸುವುದನ್ನು ಕಂಡು ತಮ್ಮನು ಕಲಿಯುತ್ತಾನೆ. ವಾಹನವು ಮುಂದಕ್ಕೆ ಸಾಗಿದೊಡನೆ ಕಲಿಕೆ ಮುಗಿಯಿತೆಂದು ಭಾವಿಸುತ್ತಾನೆ. ವಾಸ್ತವವಾಗಿ ಪಾಠವು ಆರಂಭವಾಗುವುದೇ ಅಲ್ಲಿಂದ.

ಗೇರು ಎಂದರೆ ಹಲ್ಲುಗಾಲಿಗಳ ಜೋಡಣೆ. ಚಿಕ್ಕ ಗಾಲಿಯು ದೊಡ್ಡ ಗಾಲಿಯನ್ನು ತಿರುಗಿಸಿದರೆ ವೇಗ ಕಡಿಮೆಯಾಗಿ ಎಳೆಯುವ ಬಲ ಹೆಚ್ಚುತ್ತದೆ. ಹೇರು ತುಂಬಿದ ಚಕ್ಕಡಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ನಿಂತ ಬಂಡಿಯನ್ನು ಕದಲಿಸುವಾಗ ಎತ್ತುಗಳು ಕೊರಳೊಡ್ಡಿ ಸರ್ವಶಕ್ತಿಯಿಂದ ಎಳೆಯಬೇಕು. ಬಂಡಿ ಉರುಳತೊಡಗಿದ ಮೇಲೆ ಅಷ್ಟು ಬಲ ಬೇಡ, ನಡಿಗೆಯನ್ನು ಚುರುಕುಗೊಳಿಸಬಹುದು. ಒಂದನೆಯ ಗೇರು ಕದಲಿಸುವುದಕ್ಕೆ. ಮೇಲಿನ ಗೇರುಗಳು ನಡೆಸುವುದಕ್ಕೆ. ಎಂಜಿನ್ನಿಗೂ ಚಕ್ರಕ್ಕೂ ನಡುವಣ ಸಂಬಂಧವನ್ನು ಬೇಕಾದಾಗ ಬಿಡಿಸಿ, ಬೇಕಾದಾಗ ಕೂಡಿಸುವುದು ಕ್ಲಚ್ಚು.

ಸಾಮಾನ್ಯವಾಗಿ ಎಡಗೈಯಲ್ಲಿ ಕ್ಲಚ್ಚು, ಎಡಗಾಲಿನಲ್ಲಿ ಗೇರು, ಬಲಗೈಯಲ್ಲಿ ಎಕ್ಸಲರೇಟರು ಮತ್ತು ಮುಂದಿನ ಬ್ರೇಕು, ಬಲಗಾಲಿನಲ್ಲಿ ಹಿಂದಿನ ಬ್ರೇಕು ಇರುತ್ತವೆ. ಜನರಿಲ್ಲದ ಸಮತಟ್ಟಾದ ಬಯಲಿನಲ್ಲಿ ಮೊದಲ ಅಭ್ಯಾಸವಾಗಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಚಾಲೂ ಮಾಡಿ, ಕ್ಲಚ್ಚನ್ನು ಪೂರ್ತಿ ಹಿಡಿದು, ಒಂದನೆಯ ಗೇರು ಹಾಕಬೇಕು. ಅನಂತರ ಕ್ಲಚ್ಚನ್ನು ಮೆಲ್ಲನೆ ಸಡಿಲಿಸುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತುಸು ಕುಗ್ಗಿ, ವಾಹನವು ಮುಂದಕ್ಕೆ ತುಡಿಯುತ್ತದೆ. ಇಡೀ ವಿದ್ಯೆಯ ಮರ್ಮಸ್ಥಾನವಿದು. ಅಲ್ಲಿ ಕೈಯನ್ನು ಕ್ಷಣಕಾಲ ತಡೆದು, ಎಕ್ಸಲರೇಟರನ್ನು ತುಸುವೇ ತಿರುವಿ, ಉಳಿದಷ್ಟನ್ನು ನಿಧಾನವಾಗಿ ಬಿಡಬೇಕು. ತಟಕ್ಕನೆ ಬಿಟ್ಟರೆ ಎಂಜಿನ್ನು ನಿಲ್ಲುವುದು, ಇಲ್ಲವೆ ವಾಹನವು ಜಿಗಿಯುವುದು. ಎಡಗೈಗೆ ಈ ಹಂತವು ಕಣ್ಮುಚ್ಚಿ ತಿಳಿಯುವವರೆಗೆ, ಹತ್ತು ಹೆಜ್ಜೆ ಸಾಗಿ ನಿಲ್ಲುವುದನ್ನೇ ಮತ್ತೆ ಮತ್ತೆ ಮಾಡಬೇಕು. ಎರಡನೆಯ ಗೇರಿನ ಯೋಚನೆ ಆಮೇಲೆ.

ಗೇರನ್ನು ಏರಿಸುವಾಗ ಕ್ರಮ ಒಂದೇ: ಎಕ್ಸಲರೇಟರು ಇಳಿಸು, ಕ್ಲಚ್ಚು ಹಿಡಿ, ಗೇರು ಬದಲಿಸು, ಕ್ಲಚ್ಚು ಸಡಿಲಿಸು, ಮತ್ತೆ ಎಕ್ಸಲರೇಟರು ಕೊಡು. ಎಂಜಿನ್ನು ಅರಚಿದರೆ ಮೇಲಿನ ಗೇರು ಬೇಕೆಂದೂ, ಗುದ್ದುಗುದ್ದಾಗಿ ನರಳಿದರೆ ಕೆಳಗಿನ ಗೇರು ಬೇಕೆಂದೂ ಅರ್ಥ. ಕಣ್ಣು ರಸ್ತೆಯ ಮೇಲಿರಲಿ. ಗೇರನ್ನು ಕಿವಿಯೇ ಹೇಳುತ್ತದೆ. ಇಳಿಸುವಾಗ ವೇಗವನ್ನು ಮೊದಲು ತಗ್ಗಿಸಿ, ಒಂದೊಂದೇ ಗೇರಿನಂತೆ ಇಳಿಯಬೇಕು. ಓಟದಲ್ಲಿರುವಾಗಲೇ ನಾಲ್ಕರಿಂದ ಒಂದಕ್ಕೆ ಇಳಿಸಿ ಕ್ಲಚ್ಚು ಬಿಟ್ಟರೆ ಹಿಂದಿನ ಚಕ್ರವು ಬಿಗಿದು ಜಾರಬಹುದು.

ಎಲ್ಲ ವಾಹನಗಳ ಗೇರಿನ ಕ್ರಮ ಒಂದೇ ಅಲ್ಲ. ಕೆಲವದರಲ್ಲಿ ಒಂದನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಕೆಲವದರಲ್ಲಿ ಎಲ್ಲವೂ ಮುಂದಕ್ಕೆ ಒತ್ತುವಂಥವು. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೂ ಬ್ರೇಕು ಎಡಗಾಲಿಗೂ ಇದ್ದವು. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಕಿಕ್ ಹೊಡೆಯುವ ಲಿವರೇ ಗೇರಿನ ಲಿವರೂ ಆಗಿತ್ತು. ಆದುದರಿಂದ ಅನ್ಯರ ವಾಹನವನ್ನು ಪಡೆದವನು ಅದರ ಕ್ರಮವನ್ನು ನಿಂತಲ್ಲಿಯೇ ಅರಿತುಕೊಳ್ಳಬೇಕು. ಆಪತ್ಕಾಲದಲ್ಲಿ ಕಾಲು ಹಳೆಯ ಅಭ್ಯಾಸದಂತೆಯೇ ನಡೆಯುತ್ತದೆ.

ಯಂತ್ರದ ಹೃದಯವನ್ನು ಅರಿತ ಮೇಲೆ ನೆಲದ ಗುಣವನ್ನು ಅರಿಯಬೇಕು. ಈ ಸೀಮೆಯ ಎರೆಮಣ್ಣು ಬಿಳಿಜೋಳಕ್ಕೆ, ಕಡಲೆಗೆ ವರ. ಆದರೆ ಮಳೆಯಾದಾಗ ಟ್ರ್ಯಾಕ್ಟರಿನ ಗಾಲಿಗಳು ಅದನ್ನು ಡಾಂಬರು ರಸ್ತೆಗೆ ತಂದರೆ ರಸ್ತೆ ಬೆಣ್ಣೆ ಸವರಿದಂತಾಗುತ್ತದೆ. ಸುಗ್ಗಿಯಲ್ಲಿ ಒಕ್ಕಲೆಂದು ರಸ್ತೆಯ ಮೇಲೆ ಹರಡಿದ ತೆನೆ, ಹೊಟ್ಟುಗಳೂ ಹಾಗೆಯೇ ಜಾರುತ್ತವೆ. ಇಂಥಲ್ಲಿ ವೇಗವನ್ನು ಮುಂಚೆಯೇ ತಗ್ಗಿಸಿ, ಸಣ್ಣ ಗೇರಿನಲ್ಲಿ ನೇರವಾಗಿ ಸಾಗಬೇಕು. ವಾಹನವನ್ನು ವಾಲಿಸಬಾರದು, ಮುಂದಿನ ಬ್ರೇಕನ್ನು ಥಟ್ಟನೆ ಒತ್ತಬಾರದು. ಗಜೇಂದ್ರಗಡದ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಬಯಲಿಗೆ ಬಂದಾಗ ವಾಹನವನ್ನು ಪಕ್ಕಕ್ಕೆ ನೂಕುತ್ತದೆ. ಏರಿನಲ್ಲಿ ಎಂಜಿನ್ನು ನರಳುವ ಮೊದಲೇ ಗೇರು ಇಳಿಸಬೇಕು. ಇಳಿಜಾರಿನಲ್ಲಿ ಪೆಟ್ರೋಲು ಉಳಿಯುವುದೆಂದು ನ್ಯೂಟ್ರಲ್ ಮಾಡುವುದು ಅಪಾಯಕರ; ಗೇರಿನಲ್ಲಿದ್ದರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ.

ನರಗುಂದವನ್ನು ಹಾಯುವ ಹುಬ್ಬಳ್ಳಿ–ವಿಜಯಪುರ ರಾಷ್ಟ್ರೀಯ ಹೆದ್ದಾರಿಗೆ ಹೊಸಬನು ಅವಸರದಿಂದ ಇಳಿಯಬಾರದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಎದುರಿಗೆ ಕುರಿಮಂದೆಯೋ ಹಿಂಬದಿಯ ದೀಪವಿಲ್ಲದ ಚಕ್ಕಡಿಯೋ ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿಯೇ ಅಷ್ಟು ದೂರ ಕಳೆದುಹೋಗಿರುತ್ತದೆ. ವೇಗವು ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವು ನಾಲ್ಕು ಪಟ್ಟಾಗುತ್ತದೆ. ಒಣ ರಸ್ತೆಯಲ್ಲಿ ನೇರವಾಗಿ ಸಾಗುವಾಗ ಎರಡೂ ಬ್ರೇಕುಗಳನ್ನು ಕೂಡಿಯೇ, ಕ್ರಮೇಣ ಬಿಗಿಗೊಳಿಸುತ್ತ ಹಿಡಿಯಬೇಕು. ನಿಲ್ಲುವಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೇ ಹೆಚ್ಚಿನ ಶಕ್ತಿ. ಅದನ್ನು ಅಂಜಿ ಬಿಟ್ಟವನಿಗೆ ಅರ್ಧ ಬ್ರೇಕೂ ಇಲ್ಲ.

ಇನ್ನು ಹಿರಿಯರ ಹೊಣೆ. 1988ರ ಮೋಟಾರು ವಾಹನ ಕಾಯಿದೆಯಂತೆ ಗೇರುಳ್ಳ ವಾಹನವನ್ನು ನಡೆಸಲು 18 ವರ್ಷ ತುಂಬಿರಬೇಕು. ಮೊದಲು ಕಲಿಯುವವರ ಲೈಸೆನ್ಸು, ಅದಾಗಿ ಕನಿಷ್ಠ 30 ದಿನಗಳ ಅನಂತರ ಪರೀಕ್ಷೆ. ಅಲ್ಲಿಯವರೆಗೆ ಕಲಿಸುವವರ ಹೊರತು ಬೇರಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಹತ್ತನೆಯ ತರಗತಿಯಲ್ಲಿ ಉತ್ತಮ ಅಂಕ ಗಳಿಸಿದ ಮಗನಿಗೆ ಮೋಟಾರು ಸೈಕಲ್ಲನ್ನು ಬಹುಮಾನವಾಗಿ ಕೊಡುವ ತಂದೆಯು ಪ್ರೀತಿಯಿಂದಲೇ ಕೊಡುತ್ತಾನೆ. ಆದರೆ 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ ಇಲ್ಲವೆ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಉಂಟು. ದಂಡವನ್ನು ತೆರಬಹುದು, ಹೋದ ಜೀವವನ್ನು ತರಲಾಗದು. ಬಹುಮಾನ ಕೊಡಲೇಬೇಕೆಂದರೆ ಪುಸ್ತಕವೋ ಸೈಕಲ್ಲೋ ಸಾಕು. 18 ತುಂಬಿದ ಮೇಲೆ ವಾಹನದೊಡನೆ ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟನ್ನೂ ಕೊಡಲಿ. ಹೆಲ್ಮೆಟ್ಟು ತೋಳಿಗೆ ತೂಗುವ ಆಭರಣವಲ್ಲ. ಗದ್ದದ ಪಟ್ಟಿ ಬಿಗಿದಾಗಲೇ ಅದು ರಕ್ಷೆ. ಶಾಲೆಗೆ ವಾಹನದಲ್ಲಿ ಬರುವ ಗುರುಗಳು ಅದನ್ನು ಧರಿಸಿದರೆ, ನೂರು ಉಪನ್ಯಾಸಗಳು ಮಾಡದ ಕೆಲಸವನ್ನು ಆ ಒಂದು ನೋಟವೇ ಮಾಡುತ್ತದೆ.

ಅರಿವು ಆಚಾರವಾಗದಿದ್ದರೆ ಅದು ಅರಿವಲ್ಲವೆಂಬುದು ಶರಣರ ಮಾರ್ಗ. ರಸ್ತೆಯ ನಿಯಮಗಳನ್ನು ಬಾಯಿಪಾಠವಾಗಿ ಒಪ್ಪಿಸುವ ವಿದ್ಯಾರ್ಥಿಗೂ, ಖಾಲಿ ರಸ್ತೆಯಲ್ಲಿಯೂ ವೇಗವನ್ನು ಹಿಡಿತದಲ್ಲಿಟ್ಟುಕೊಳ್ಳುವ ವಿದ್ಯಾರ್ಥಿಗೂ ಇರುವ ಅಂತರ ಇದೇ. ಎಲ್ಲಿ ಗೇರು ಏರಿಸಬೇಕೆಂಬುದನ್ನು ಯಂತ್ರವೇ ಕಲಿಸುತ್ತದೆ. ಎಲ್ಲಿ ಇಳಿಸಬೇಕೆಂಬುದನ್ನು ವಿವೇಕ ಕಲಿಸಬೇಕು. ಮನೆಯ ಕಟ್ಟೆಯ ಮೇಲೆ ಕುಳಿತು ದಾರಿ ಕಾಯುವ ತಾಯಿಗೆ ಮಗನು ಎಷ್ಟು ಬೇಗ ಬಂದನೆಂಬುದು ಮುಖ್ಯವಲ್ಲ, ಬಂದನೆಂಬುದು ಮುಖ್ಯ.