ಮೂರು ತೂತಿನ ಸಾಕೆಟ್ ಇದ್ದರೆ ಸಾಲದು, ಅರ್ಥಿಂಗ್ ಇದೆಯೇ ನೋಡಿ

ಹೈದರಾಬಾದಿನ ಕೊಂಡಾಪುರ, ಕೊತ್ತಗುಡ, ಮಾದಾಪುರದ ಕಡೆ ಬಾಡಿಗೆಗೆ ಇರುವ ನಮ್ಮ ಹುಡುಗ ಹುಡುಗಿಯರಿಂದ ಆಗಾಗ ಕೇಳುವ ದೂರು: ‘ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ.’ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಕೆಟ್ಟಿರುವುದಿಲ್ಲ. ಅಡಾಪ್ಟರ್ ಒಳಗಿನ ಫಿಲ್ಟರ್‌ನಿಂದ ತೀರಾ ಸಣ್ಣ ಕರೆಂಟ್ ಸದಾ ಸೋರುತ್ತಿರುತ್ತದೆ. ಅದು ಅರ್ಥ್ ತಂತಿ ಹಿಡಿದು ನೆಲ ಸೇರಬೇಕು. ಆ ದಾರಿ ಇಲ್ಲದಿದ್ದರೆ ಲೋಹದ ಮೈ ಮುಟ್ಟಿದವರ ಬೆರಳಿನ ಮೂಲಕ ಇಳಿಯುತ್ತದೆ. ಆ ಜುಮ್ಮಿನಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ಮೂರು ಪಿನ್ನಿನ ಅಡಾಪ್ಟರ್ ಇದ್ದೂ ಹೀಗಾಗುತ್ತಿದ್ದರೆ, ಅದೇ ಮನೆಯ ಗೀಸರ್‌ಗೂ ವಾಷಿಂಗ್ ಮಷೀನ್‌ಗೂ ಅರ್ಥಿಂಗ್ ಇಲ್ಲವೇನೋ ಎಂದು ಅನುಮಾನಿಸಲೇಬೇಕು.

ಹಳೆಯ ಮನೆಯ ಮೇಲೆ ಆಮೇಲೆ ಎಬ್ಬಿಸಿದ ಮಹಡಿ, ಪೋರ್ಷನ್‌ಗಳಾಗಿ ಒಡೆದ ಮನೆ, ಪಿ.ಜಿ., ತಾರಸಿ ಮೇಲಿನ ಶೀಟ್ ಕೋಣೆ – ಇಂಥ ಕಡೆ ಕೆಳಗಿನಿಂದ ಎರಡೇ ತಂತಿ ಎಳೆದು ಕೆಲಸ ಮುಗಿಸಿರುವುದುಂಟು. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಕಾಣುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ.

ಮೊದಲು ಪರೀಕ್ಷೆ ಮಾಡಿಸಿ

ಸ್ಕ್ರೂಡ್ರೈವರ್‌ನಂಥ ಟೆಸ್ಟರ್ ಅರ್ಥಿಂಗ್ ಬಗ್ಗೆ ಏನನ್ನೂ ಖಚಿತವಾಗಿ ಹೇಳದು. ಸಾಕೆಟ್‌ಗೆ ಚುಚ್ಚುವ, ಮೂರು ದೀಪದ ಸಣ್ಣ ಸಾಕೆಟ್ ಟೆಸ್ಟರ್ ಸಿಗುತ್ತದೆ. ಅರ್ಥ್ ತಂತಿ ಇಲ್ಲದಿದ್ದರೆ ತೋರಿಸುತ್ತದೆ. ಅದೂ ಮೋಸಹೋಗುವುದುಂಟು, ಕಾರಣ ಮುಂದೆ ಹೇಳುತ್ತೇನೆ. ಆದ್ದರಿಂದ ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆದು ಮೂರು ಕೆಲಸ ಹೇಳಿ: ಸಾಕೆಟ್ ಬಿಚ್ಚಿ ಹಸಿರು ತಂತಿ ಇದೆಯೇ ನೋಡುವುದು, ಅದು ಮೀಟರ್ ಬೋರ್ಡ್ ದಾಟಿ ಅರ್ಥ್ ಗುಂಡಿಯವರೆಗೂ ಹೋಗಿದೆಯೇ ಹುಡುಕುವುದು, ಗುಂಡಿಯ ರೆಸಿಸ್ಟೆನ್ಸ್ ಅನ್ನು ಅರ್ಥ್ ಟೆಸ್ಟರ್‌ನಲ್ಲಿ ಅಳೆಯುವುದು. ಸ್ವಿಚ್‌ಬೋರ್ಡನ್ನು ನೀವೇ ಬಿಚ್ಚಬೇಡಿ.

ನ್ಯೂಟ್ರಲ್‌ನಿಂದ ಅರ್ಥ್ ಕೊಡಿಸಬೇಡಿ

ಅರ್ಥ್ ಇಲ್ಲದ ಮನೆಯಲ್ಲಿ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಸೇರಿಸಿ ‘ಆಯ್ತು ಸಾರ್’ ಎನ್ನುತ್ತಾರೆ. ಸಾಕೆಟ್ ಟೆಸ್ಟರ್ ಮೋಸಹೋಗುವುದು ಇಲ್ಲಿಯೇ, ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ. ಆದರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿ ಸಡಿಲವಾದರೆ ಸಾಕು, ಫ್ರಿಜ್ಜಿನ ಬಾಗಿಲಿಗೆ, ಗೀಸರ್‌ನ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಅರ್ಥಿಂಗ್ ಇಲ್ಲದಿರುವುದಕ್ಕಿಂತಲೂ ಇದು ಕೆಟ್ಟದ್ದು. ನಲ್ಲಿಯ ಪೈಪಿಗೆ ಅರ್ಥ್ ತಂತಿ ಸುತ್ತುವುದೂ ಬೇಡ. ಇಂದಿನ ಪೈಪು ಹೆಚ್ಚಾಗಿ ಪ್ಲಾಸ್ಟಿಕ್. ಕಬ್ಬಿಣದ್ದೇ ಆದರೆ ನಿಮ್ಮ ಮನೆಯ ದೋಷ ಪಕ್ಕದ ಮನೆಯ ಬಚ್ಚಲಿಗೆ ಹೋಗುತ್ತದೆ. ಎರಡು ತಂತಿಯ ವೈರಿಗೆ ಮೂರು ತೂತು ಕೂರಿಸಿದ ಎಕ್ಸ್‌ಟೆನ್ಷನ್ ಬಾಕ್ಸನ್ನು ಮನೆಯಿಂದ ಆಚೆ ಹಾಕಿ.

ಎಲ್ಲಕ್ಕಿಂತ ಮೊದಲು ಆರ್‌ಸಿಸಿಬಿ

ಒಂದೇ ಕೆಲಸಕ್ಕೆ ದುಡ್ಡು ಇದೆಯೆಂದರೆ ಅದು ಆರ್‌ಸಿಸಿಬಿಗೇ, ಅಂದರೆ ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್‌ಗೇ ಹೋಗಲಿ. ಬೋರ್ಡಿನಲ್ಲಿ ಎಂಸಿಬಿ (ಮಿತಿಮೀರಿ ಕರೆಂಟ್ ಹರಿದರೆ ಆರುವ ಸ್ವಿಚ್) ಇದೆಯಲ್ಲ ಎಂದು ಹಲವರು ಧೈರ್ಯದಿಂದ ಇರುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಒದ್ದೆ ಮೈಯಲ್ಲಿ ಹರಿಯುವ ಕರೆಂಟು ಒಂದು ಆಂಪಿಯರ್‌ನ ಐದರಲ್ಲಿ ಒಂದು ಪಾಲು ಇದ್ದೀತು. ಎದೆಬಡಿತ ನಿಲ್ಲಿಸಲು ಅಷ್ಟು ಧಾರಾಳ ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ.

ಆರ್‌ಸಿಸಿಬಿ ಮಾಡುವ ಕೆಲಸ ಬೇರೆ. ಫೇಸ್‌ನಲ್ಲಿ ಹೋದ ಕರೆಂಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟೂ ಸಮವಾಗಿವೆಯೇ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ, ಐದು ಪಟ್ಟು ಸೋರಿದರೆ 0.04 ಸೆಕೆಂಡಿನಲ್ಲಿ ಟ್ರಿಪ್ ಆಗುತ್ತದೆ. ಇದಕ್ಕೆ ಅರ್ಥ್ ತಂತಿಯ ಹಂಗಿಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಒಂದು ಸಣ್ಣ ಹೊಡೆತ ನಿಮಗೆ ತಗುಲೀತು, ಆದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್ 1961ರಲ್ಲಿ ರೂಪಿಸಿದ ಉಪಕರಣವೂ ಇದೇ ತತ್ವದ್ದು. ಅಮೆರಿಕದಲ್ಲಿ ಅರ್ಥ್ ಇಲ್ಲದ ಹಳೆಯ ಸಾಕೆಟ್‌ಗಳ ಜಾಗದಲ್ಲಿ ಅದನ್ನು ಹಾಕಿಕೊಳ್ಳಲು, ‘ಅರ್ಥ್ ಇಲ್ಲ’ ಎಂಬ ಚೀಟಿ ಅಂಟಿಸುವ ಷರತ್ತಿನ ಮೇಲೆ, ನಿಯಮವೇ ಒಪ್ಪಿಗೆ ಕೊಡುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತಿನ, 30 ಮಿಲಿಆಂಪಿಯರ್‌ನ, ಎರಡು ಪೋಲಿನದು ಕೇಳಿ. 100 ಅಥವಾ 300ರದ್ದು ಮನುಷ್ಯನ ರಕ್ಷಣೆಗಲ್ಲ. ಇನ್ವರ್ಟರ್ ಮೋಟಾರಿನ ವಾಷಿಂಗ್ ಮಷೀನ್ ಇದ್ದರೆ ‘ಎ’ ಟೈಪಿನದು ಒಳ್ಳೆಯದು. ಬಾಡಿಗೆದಾರರಿಗೆ ಬೋರ್ಡ್ ಮುಟ್ಟಲು ಮಾಲೀಕರು ಒಪ್ಪದಿದ್ದರೆ, ಸಾಕೆಟ್‌ಗೆ ಹಾಕಿ ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದಾದ ಪ್ಲಗ್ ಮಾದರಿಯದೂ ಬರುತ್ತದೆ.

ಹಾಕಿದ ದಿನವೇ ಅದು ಟ್ರಿಪ್ ಆಗತೊಡಗಿದರೆ ‘ಪೀಸ್ ಸರಿ ಇಲ್ಲ’ ಎಂದು ತೆಗೆಸಬೇಡಿ. ಪಕ್ಕದ ಪೋರ್ಷನ್ನಿನ ಅಥವಾ ಇನ್ವರ್ಟರ್‌ನ ನ್ಯೂಟ್ರಲ್ ನಿಮ್ಮದರೊಂದಿಗೆ ಸೇರಿಕೊಂಡಿರಬಹುದು, ಇಲ್ಲವೇ ಗೀಸರ್ ಕಾಯಿಲ್ ನಿಜವಾಗಿಯೂ ಸೋರುತ್ತಿರಬಹುದು. ಹುಡುಕಿಸಿ ಸರಿಮಾಡಿಸಿ. ತಿಂಗಳಿಗೊಮ್ಮೆ ಅದರ ‘ಟೆಸ್ಟ್’ ಗುಂಡಿ ಒತ್ತಿ. ಕರೆಂಟ್ ಹೋಗದಿದ್ದರೆ ಬದಲಿಸಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಆರ್‌ಸಿಸಿಬಿಯೂ ಉಳಿಸದು.

ಆಮೇಲೆ ಅರ್ಥ್ ಗುಂಡಿ

ಸ್ವಂತ ಮನೆಯವರಿಗೂ ಕಟ್ಟಡದ ಮಾಲೀಕರಿಗೂ ಈ ಮಾತು. ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಪೈಪ್ ಅರ್ಥಿಂಗ್‌ಗೆ ಕನಿಷ್ಠ ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಬೇಕು. ಕೊಂಡಾಪುರದ ಸುತ್ತಮುತ್ತ ಇದೇ ಕಷ್ಟ. ನೆಲ ಅಗೆದರೆ ಬೇಗನೆ ಕರಿಗಲ್ಲಿನ ಬಂಡೆ ಸಿಗುತ್ತದೆ. ಬಂಡೆ ನೆಲದಲ್ಲಿ, ಅದೂ ಏಪ್ರಿಲ್–ಮೇ ಬಿಸಿಲಲ್ಲಿ ಒಣಗಿದಾಗ, ಅರ್ಥ್ ರೆಸಿಸ್ಟೆನ್ಸ್ ಏರುತ್ತದೆ. ಅದು 20 ಓಮ್ ಇದೆಯೆಂದುಕೊಳ್ಳಿ: ಫೇಸ್ ತಂತಿ ಗೀಸರ್ ಮೈಗೆ ತಗುಲಿದರೂ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ, 16ರ ಎಂಸಿಬಿ ಟ್ರಿಪ್ ಆಗುವುದಿಲ್ಲ, ಗೀಸರ್ ಮೈ ಜೀವಂತವಾಗಿಯೇ ಇರುತ್ತದೆ. ಅದಕ್ಕೇ ಈ ನೆಲದಲ್ಲಿ ಅರ್ಥಿಂಗ್ ಇದ್ದವರಿಗೂ ಆರ್‌ಸಿಸಿಬಿ ಬೇಕೇ ಬೇಕು. ಬೆಂಟೊನೈಟ್ ಮಣ್ಣು ತುಂಬಿಸಿದರೆ ತೇವ ನಿಲ್ಲುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿಸಿ. ಎಲ್ಲ ಸಾಕೆಟ್‌ಗೂ ಹಸಿರು ತಂತಿ ಎಳೆಯಲಾಗದಿದ್ದರೆ ಗೀಸರ್, ಅಡುಗೆಮನೆ, ಫ್ರಿಜ್, ವಾಷಿಂಗ್ ಮಷೀನ್, ಕೂಲರ್ ಇವಿಷ್ಟಕ್ಕಾದರೂ ಎಳೆಸಿ.

ಕೆಲಸ ಆಗುವ ತನಕ

ಹೈದರಾಬಾದಿನ ಬೇಸಿಗೆಯ ಕೂಲರ್ ಬಗ್ಗೆ ವಿಶೇಷ ಎಚ್ಚರ ಬೇಕು. ತಗಡಿನ ಮೈ, ಹೊಟ್ಟೆಯಲ್ಲಿ ನೀರು, ನೀರಿನೊಳಗೆ ಪಂಪು, ಕೆಳಗೆ ಒದ್ದೆ ನೆಲ. ಅರ್ಥ್ ಇಲ್ಲದ ಸಾಕೆಟ್‌ಗೆ ತಗಡಿನ ಕೂಲರ್ ಹಾಕಲೇಬೇಡಿ. ಪ್ಲಾಸ್ಟಿಕ್ ಮೈಯದಾದರೂ ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಿ. ಪಿ.ಜಿ.ಗಳಲ್ಲಿ ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್ ಕೂಡ ಹಾಗೆಯೇ: ಪ್ಲಗ್ ಕಿತ್ತು, ರಾಡ್ ಹೊರತೆಗೆದ ನಂತರವೇ ನೀರಿಗೆ ಕೈ. ಗೀಸರ್ ಕಾದ ಮೇಲೆ ಸ್ವಿಚ್ ಆರಿಸಿ ಸ್ನಾನಕ್ಕೆ ಇಳಿಯಿರಿ. ಬಟ್ಟೆ ಒಣಹಾಕಲು ಲೋಹದ ತಂತಿ ಬಿಟ್ಟು ನೈಲಾನ್ ಹಗ್ಗ ಕಟ್ಟಿ. ಚೌಕದೊಳಗೆ ಚೌಕದ ಗುರುತಿರುವ ಉಪಕರಣಗಳಿಗೆ ಅರ್ಥ್ ಅಗತ್ಯವಿಲ್ಲ.

ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ, ಮೊದಲು ಮೇನ್ ಆರಿಸಿ. ಅದು ಕೈಗೆ ಸಿಗದಿದ್ದರೆ ಒಣ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಬಿಡಿಸಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಜೋರಾಗಿ ಹೊಡೆದಿದ್ದರೆ ಎದ್ದು ಓಡಾಡಿದವರಿಗೂ ಇಸಿಜಿ ಮಾಡಿಸಿ. ಮೀಟರ್‌ನಿಂದ ಆಚೆಯ ತಂತಿಯ ದೋಷಕ್ಕೆ ವಿದ್ಯುತ್ ಸಂಸ್ಥೆಯ 1912 ಇದೆ.

ಇನ್ನು ಮನೆ ಹುಡುಕುತ್ತಿರುವವರಲ್ಲಿ ಒಂದು ವಿನಂತಿ. ನೀರು ಬರುತ್ತದೆಯೇ, ಪಾರ್ಕಿಂಗ್ ಇದೆಯೇ ಎಂದು ಕೇಳುವಾಗಲೇ ಅರ್ಥಿಂಗ್ ಇದೆಯೇ, ಆರ್‌ಸಿಸಿಬಿ ಎಲ್ಲಿದೆ ತೋರಿಸಿ ಎಂದೂ ಕೇಳಿ. ಅಡ್ವಾನ್ಸ್ ಕೊಡುವ ಮುನ್ನ ಆ ಟೆಸ್ಟ್ ಗುಂಡಿಯನ್ನು ನಿಮ್ಮ ಕೈಯಾರೆ ಒತ್ತಿ ನೋಡಿ.