ಒಂದೇ ತಂತಿ, ಮೂರು ಪಿಕಪ್: ದನಿ ಏಕೆ ಬೇರೆ?

ಪ್ರಶ್ನೆ: ನನ್ನ ಬಳಿ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ಅದರ ಮೂರೂ ಪಿಕಪ್‌ಗಳು ನೋಡಲು ಒಂದೇ ಥರ ಇವೆ. ಆದರೂ ಸ್ವಿಚ್ ಬದಲಿಸಿದರೆ ದನಿ ಇಷ್ಟೊಂದು ಬದಲಾಗುವುದೇಕೆ? ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಆಂಪ್‌ನ ಗುಂಯ್ ಸದ್ದು ನಿಂತೇಹೋಗುತ್ತದೆ, ಅದು ಹೇಗೆ? ದುಬಾರಿ ಪಿಕಪ್ ಹಾಕಿಸಿದರೆ ದನಿ ಸುಧಾರಿಸುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ಪಿಕಪ್ ಯಾವ ಕಂಪನಿಯದು ಎನ್ನುವುದಕ್ಕಿಂತ ಅದು ತಂತಿಯ ಯಾವ ಭಾಗದ ಕೆಳಗೆ ಕೂತಿದೆ, ಅದರ ವೈರುಗಳನ್ನು ಹೇಗೆ ಜೋಡಿಸಿದ್ದಾರೆ ಎನ್ನುವುದೇ ದನಿಯನ್ನು ಹೆಚ್ಚು ಬದಲಿಸುತ್ತದೆ. ಇದಕ್ಕೆ ನಿಮ್ಮ ಮೊದಲ ಪ್ರಶ್ನೆಯೇ ಸಾಕ್ಷಿ.

ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಮಿಡಿದಾಗ ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ, ಅದರಿಂದ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವ ಇದೇ. ಇಲ್ಲಿ ಗಮನಿಸಬೇಕಾದ್ದು, ಪಿಕಪ್ ಇಡೀ ತಂತಿಯ ಕಂಪನವನ್ನು ಹಿಡಿಯುವುದಿಲ್ಲ. ತನ್ನ ನೆತ್ತಿಯ ಮೇಲಿರುವ ಸಣ್ಣ ತುಂಡು ಹೇಗೆ ಅಲುಗುತ್ತದೋ ಅಷ್ಟನ್ನೇ ಆಂಪ್‌ಗೆ ಕಳಿಸುತ್ತದೆ.

ತಂತಿಯಾದರೋ ಒಂದೇ ಬಗೆಯಲ್ಲಿ ಅಲುಗುವುದಿಲ್ಲ. ಇಡಿಯಾಗಿ ಅಲುಗಿದಾಗ ಮೂಲಸ್ವರ ಬರುತ್ತದೆ. ಜೊತೆಜೊತೆಗೇ ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಅಲುಗಿ ಹಾರ್ಮೋನಿಕ್‌ಗಳನ್ನು ಹೊರಡಿಸುತ್ತದೆ. ಪ್ರತಿ ಹಾರ್ಮೋನಿಕ್‌ಗೂ ತಂತಿಯ ಮೇಲೆ ಜೋರಾಗಿ ಅಲುಗುವ ಜಾಗಗಳೂ ಇವೆ, ಸ್ವಲ್ಪವೂ ಅಲುಗದ ಜಾಗಗಳೂ ಇವೆ. ಅಲುಗದ ಜಾಗದ ಕೆಳಗೆ ಪಿಕಪ್ ಇಟ್ಟರೆ ಆ ಹಾರ್ಮೋನಿಕ್ ಅದಕ್ಕೆ ಕೇಳಿಸುವುದೇ ಇಲ್ಲ.

ಸ್ಟ್ರಾಟ್‌ನಲ್ಲಿ ತಂತಿಯ ಉದ್ದ ಸುಮಾರು 648 ಮಿ.ಮೀ. ನೆಕ್ ಪಿಕಪ್ ಬ್ರಿಜ್‌ನಿಂದ ಸುಮಾರು 16 ಸೆಂ.ಮೀ. ದೂರದಲ್ಲಿದೆ, ಅಂದರೆ ತಂತಿಯ ಕಾಲುಭಾಗದಲ್ಲಿ. ಬ್ರಿಜ್ ಪಿಕಪ್ ಇರುವುದು ಸುಮಾರು 4 ಸೆಂ.ಮೀ. ದೂರದಲ್ಲಿ. ಬಿಡಿ ತಂತಿ ಮೀಟಿದಾಗ ಬ್ರಿಜ್ ಪಿಕಪ್‌ಗೆ ಸಿಗುವ ಮೂಲಸ್ವರ ನೆಕ್ ಪಿಕಪ್‌ಗೆ ಸಿಗುವುದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಎಂಟನೇ ಹಾರ್ಮೋನಿಕ್‌ನ ಕತೆ ಇದಕ್ಕೆ ತಿರುಗಾಮುರುಗಾ: ಬ್ರಿಜ್ ಬಳಿ ಅದು ಪೂರ್ತಿ ಜೋರಿನಲ್ಲಿ ಸಿಗುತ್ತದೆ, ನೆಕ್ ಬಳಿ ಹೆಚ್ಚುಕಡಿಮೆ ಸೊನ್ನೆ. ನೆಕ್ ಪಿಕಪ್ ದುಂಡಗೆ, ಮೆತ್ತಗೆ ಕೇಳುವುದಕ್ಕೂ ಬ್ರಿಜ್ ಪಿಕಪ್ ಚೂಪಾಗಿ ಇರಿಯುವುದಕ್ಕೂ ಇದೇ ಕಾರಣ.

24ನೇ ಫ್ರೆಟ್ ಬರಬೇಕಾದ ಜಾಗದಲ್ಲಿ ಕೂತಿರುವುದರಿಂದಲೇ ನೆಕ್ ಪಿಕಪ್‌ಗೆ ಅಷ್ಟು ಸೊಗಸು ಎಂದು ಹೇಳುವವರಿದ್ದಾರೆ. ಆ ಲೆಕ್ಕ ಬಿಡಿ ತಂತಿಗೆ ಮಾತ್ರ ಸರಿ. ಫ್ರೆಟ್ ಒತ್ತಿದ ತಕ್ಷಣ ತಂತಿ ಚಿಕ್ಕದಾಗುತ್ತದೆ, ಅಲುಗದ ಜಾಗಗಳೆಲ್ಲ ಸರಿದುಹೋಗುತ್ತವೆ. 12ನೇ ಫ್ರೆಟ್ ಒತ್ತಿ ನೋಡಿ: ಈಗ ನೆಕ್ ಪಿಕಪ್ ಉಳಿದ ತಂತಿಯ ನಟ್ಟನಡುವೆ ಇದೆ. ಎರಡು, ನಾಲ್ಕು, ಆರನೇ ಹಾರ್ಮೋನಿಕ್‌ಗಳು ಅದಕ್ಕೆ ಸಿಗುವುದಿಲ್ಲ. ಅಲ್ಲಿ ದನಿ ಕೊಳಲಿನಂತೆ ಟೊಳ್ಳಾಗಿ ಕೇಳುವುದನ್ನು ನೀವೇ ಪರೀಕ್ಷಿಸಬಹುದು.

ನಿಮ್ಮ ಬ್ರಿಜ್ ಪಿಕಪ್ ಓರೆಯಾಗಿರುವುದಕ್ಕೂ ಅರ್ಥವಿದೆ. ಅದರ ಸಣ್ಣ ತಂತಿಯ ತುದಿ ಬ್ರಿಜ್‌ಗೆ ಹತ್ತಿರ, ದಪ್ಪ ತಂತಿಯ ತುದಿ ದೂರ. ಹಾಗಾಗಿ ಸಣ್ಣ ತಂತಿಗಳು ಚೂಪಾಗಿ, ದಪ್ಪ ತಂತಿಗಳು ತುಂಬಿಕೊಂಡು ಕೇಳುತ್ತವೆ. ಎಡಗೈಯವರಾದ ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರನ್ನು ತಿರುವಿ, ತಂತಿಗಳನ್ನು ಮರುಜೋಡಿಸಿ ನುಡಿಸುತ್ತಿದ್ದರು. ಹಾಗಾಗಿ ಅವರ ಗಿಟಾರಿನಲ್ಲಿ ಈ ಓರೆ ಉಲ್ಟಾ ಆಗಿತ್ತು: ದಪ್ಪ ತಂತಿಗಳು ಬಿಗಿಯಾಗಿ, ಸಣ್ಣ ತಂತಿಗಳು ತುಸು ತುಂಬಿಕೊಂಡು ಕೇಳುವ ಜೋಡಣೆ.

ಇನ್ನು ಎರಡು ಮತ್ತು ನಾಲ್ಕನೇ ಸ್ಥಾನ. 1954ರ ಮೊದಲ ಸ್ಟ್ರಾಟ್‌ನಲ್ಲಿ ಇವು ಇರಲೇ ಇಲ್ಲ, ಸ್ವಿಚ್‌ಗೆ ಮೂರೇ ಸ್ಥಾನ. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ಹೊಸ ದನಿ ತೆಗೆದರು. ಫೆಂಡರ್ ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ಈ ಸ್ಥಾನಗಳಲ್ಲಿ ಅಕ್ಕಪಕ್ಕದ ಎರಡು ಪಿಕಪ್‌ಗಳು ಸಮಾಂತರವಾಗಿ ಜೋಡಣೆಯಾಗುತ್ತವೆ. ಮೂಲಸ್ವರ ಎರಡರಲ್ಲೂ ಒಂದೇ ದಿಕ್ಕಿನಲ್ಲಿ ಏರಿಳಿಯುವುದರಿಂದ ಕೂಡಿಕೊಳ್ಳುತ್ತದೆ. ಕೆಲವು ಹಾರ್ಮೋನಿಕ್‌ಗಳು ಮಾತ್ರ ಒಂದು ಪಿಕಪ್‌ನ ಮೇಲೆ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತವೆ, ಹಾಗಾಗಿ ಕಳೆದುಹೋಗುತ್ತವೆ. ನೆಕ್ ಮತ್ತು ಮಧ್ಯದ ಪಿಕಪ್ ಸೇರಿದಾಗ ಬಿಡಿ ತಂತಿಯ ಐದನೇ ಹಾರ್ಮೋನಿಕ್ ಬಹುಪಾಲು ಅಳಿಸಿಹೋಗುತ್ತದೆ. ಆ ಖಾಲಿ ಜಾಗಗಳೇ ಈ ಸ್ಥಾನಗಳ ಗಾಜಿನಂಥ ದನಿಗೆ ಕಾರಣ.

ಇದನ್ನು 'ಔಟ್ ಆಫ್ ಫೇಸ್' ಎಂದು ಕರೆಯುವ ರೂಢಿ ಇದೆಯಾದರೂ ಅದು ಸರಿಯಲ್ಲ. ನಿಜವಾದ ಔಟ್ ಆಫ್ ಫೇಸ್‌ನಲ್ಲಿ ಒಂದು ಪಿಕಪ್‌ನ ವೈರುಗಳು ಅಥವಾ ಅಯಸ್ಕಾಂತ ಉಲ್ಟಾ ಆಗಿರುತ್ತದೆ. ಆಗ ಮೂಲಸ್ವರವೇ ಕಳೆದುಹೋಗಿ ಮೂಗಿನಿಂದ ಬಂದಂಥ ತೆಳು ದನಿ ಉಳಿಯುತ್ತದೆ. ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಗಿಟಾರಿನ ನೆಕ್ ಪಿಕಪ್‌ನಲ್ಲಿ ಅಯಸ್ಕಾಂತ ತಿರುಗಿ ಕೂತಿತ್ತು, ಆ ದನಿಯೇ ಅವರ ಗುರುತಾಯಿತು. ಬ್ರಿಯಾನ್ ಮೇ ತಂದೆಯೊಡನೆ ಕೈಯಾರೆ ಕಟ್ಟಿದ 'ರೆಡ್ ಸ್ಪೆಷಲ್'ನಲ್ಲಿ ಮೂರು ಪಿಕಪ್‌ಗೂ ಪ್ರತ್ಯೇಕ ಫೇಸ್ ಸ್ವಿಚ್ ಇದೆ.

ಗುಂಯ್ ಸದ್ದು ಹುಟ್ಟುವುದು ಸುತ್ತಲಿನ ಕರೆಂಟಿನಿಂದ. ನಮ್ಮಲ್ಲಿ ಅದು 50 ಹರ್ಟ್ಜ್, ಅಮೆರಿಕದಲ್ಲಿ 60. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್‌ಗಳ ಕಾಂತಕ್ಷೇತ್ರವನ್ನು ಸುರುಳಿ ತಾನಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೆ ಪಿಕಪ್‌ನ ಅಯಸ್ಕಾಂತ ಬೇಕಿಲ್ಲ. ನಿಮ್ಮ ಗಿಟಾರಿನ ಮಧ್ಯದ ಪಿಕಪ್‌ನಲ್ಲಿ ಸುತ್ತೂ ಉಲ್ಟಾ, ಅಯಸ್ಕಾಂತವೂ ಉಲ್ಟಾ ಇರಬೇಕು. ತಂತಿಯ ಸಂಕೇತ ಎರಡು ಸಲ ತಿರುಗಿ ಸರಿಯಾಗಿಯೇ ಬರುತ್ತದೆ. ಗುಂಯ್ ಸದ್ದು ಒಂದೇ ಸಲ ತಿರುಗುವುದರಿಂದ ಪಕ್ಕದ ಪಿಕಪ್‌ನ ಸದ್ದಿನೊಡನೆ ವಜಾ ಆಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಇಂಥ ಎರಡು ಸುರುಳಿಗಳು ಒಂದೇ ಪೆಟ್ಟಿಗೆಯಲ್ಲಿವೆ. ಅಲ್ಲಿ ಜೋಡಣೆ ಸಾಮಾನ್ಯವಾಗಿ ಸಮಾಂತರವಲ್ಲ, ಸರಣಿ. ಸರಣಿಯಲ್ಲಿ ಸದ್ದು ಜೋರು, ಆದರೆ ಇಂಡಕ್ಟೆನ್ಸ್ ಹೆಚ್ಚುವುದರಿಂದ ಮೇಲಿನ ಹೊಳಪು ತಗ್ಗುತ್ತದೆ.

ಆಂಪ್ ಮುಟ್ಟುವ ಮೊದಲು ಆ ಹೊಳಪನ್ನು ಇನ್ನಿಬ್ಬರು ಕತ್ತರಿಸುತ್ತಾರೆ: ವಾಲ್ಯೂಮ್ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿರುವ, ತಿರುಗಿಸಿ ಬದಲಿಸಬಹುದಾದ ರೋಧಕ) ಮತ್ತು ಕೇಬಲ್. ನಿಮ್ಮಲ್ಲಿರುವಂಥ ಒಂದೇ ಸುರುಳಿಯ ಪಿಕಪ್‌ಗೆ, ಅಂದರೆ ಸಿಂಗಲ್ ಕಾಯಿಲ್‌ಗೆ, 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಪಾಟ್ ಹಾಕುವುದು ವಾಡಿಕೆ. ಪಾಟ್‌ನ ಬೆಲೆ ಹೆಚ್ಚಿದಷ್ಟೂ, ಅಂದರೆ ಓಮ್ ಹೆಚ್ಚಿದಷ್ಟೂ, ದನಿ ಚೂಪು. ಕೇಬಲ್ ಉದ್ದವಾದಷ್ಟೂ ದನಿ ಮಂಕು.

ಹೀಗಾಗಿ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ಕೊನೆಯ ಫ್ರೆಟ್ ಒತ್ತಿಹಿಡಿದು, ತಂತಿಗೂ ಪಿಕಪ್‌ಗೂ ಸುಮಾರು 2 ಮಿ.ಮೀ. ಅಂತರ ಇಟ್ಟು ಕೇಳಿ. ನೆಕ್ ಪಿಕಪ್ ಅಬ್ಬರಿಸಿದರೆ ಇನ್ನಷ್ಟು ಇಳಿಸಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ. ಆಮೇಲೆ ಚಿಕ್ಕ ಕೇಬಲ್ ಹಾಕಿ ನೋಡಿ. ಇಷ್ಟಾದ ಮೇಲೂ ತೃಪ್ತಿಯಿಲ್ಲದಿದ್ದರೆ ಪಿಕಪ್ ಬದಲಿಸಿ. ಒಂದನ್ನೇ ಬದಲಿಸುವುದಾದರೆ ಉಳಿದವುಗಳ ಸುತ್ತಿನ ದಿಕ್ಕು, ಅಯಸ್ಕಾಂತದ ಧ್ರುವ ಎರಡನ್ನೂ ಅಂಗಡಿಯವರಿಗೆ ತಿಳಿಸಿ. ಇಲ್ಲದಿದ್ದರೆ ಹೊಸ ಪಿಕಪ್ಪಿನ ಜೊತೆ ಗುಂಯ್ ಸದ್ದೂ ಮರಳಿ ಬಂದೀತು.